ಸಿತಾರ ಒಳಗೆ, ಶಹನಾಯಿ ಹೊರಗೆ

ಹೋದ ವಾರ ಬಸವಕಲ್ಯಾಣದಿಂದ ಹುಮನಾಬಾದಿಗೆ ಬರುವ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ಇಬ್ಬರು ಕಾಲೇಜು ಹುಡುಗಿಯರು ಕುಳಿತಿದ್ದರು. ಇಬ್ಬರ ನಡುವೆ ಒಂದೇ ಫೋನು, ಒಂದೇ ಬಿಳಿ ವೈರು. ವೈರಿನ ಒಂದು ತುದಿ ಒಬ್ಬಳ ಕಿವಿಯಲ್ಲಿ, ಇನ್ನೊಂದು ತುದಿ ಇನ್ನೊಬ್ಬಳ ಕಿವಿಯಲ್ಲಿ. ಒಂದೇ ಹಾಡು ಕೇಳುತ್ತಿದ್ದೇವೆ ಅಂದುಕೊಂಡು ಇಬ್ಬರೂ ತಲೆ ಅಲ್ಲಾಡಿಸುತ್ತಿದ್ದರು. ನನಗೆ ನಗು ತಡೆಯಲಾಗಲಿಲ್ಲ. ಪಕ್ಕದಲ್ಲಿ ಕುಳಿತಿದ್ದ ಹೆಣ್ಣುಮಗಳು, "ಯಾಕ್ರಿ ಮೇಡಂ, ಏನಾತ್ರಿ?" ಅಂದಳು. ಏನಿಲ್ಲ ಅಂದೆ. ಆ ವೈರು ನೋಡುತ್ತ ನನಗೆ ಇನ್ನೊಂದು ವೈರು ನೆನಪಾಗಿತ್ತು... ದಿವಾಣಖಾನೆಯಿಂದ ಒಳಮನೆಯವರೆಗೆ, ಬಾಗಿಲ ಚೌಕಟ್ಟಿನ ಮೇಲೆ ಮೊಳೆ ಬಡಿದು ಎಳೆದಿದ್ದ ಉದ್ದನೆಯ ವೈರು. ಅದರ ಹಿಂದೆಯೇ ಕಾಕು ನೆನಪಾದರು.

ಕಾಕು ಅಂದರೆ ನಮ್ಮ ಕಡೆ ಚಿಕ್ಕಮ್ಮ, ಆದರೆ ಅವರು ನನಗೆ ರಕ್ತಸಂಬಂಧದವರಲ್ಲ. ನಮ್ಮೂರು ಮೋರಖಂಡಿ. ಅವರಿದ್ದದ್ದು ಬಸವಕಲ್ಯಾಣದಲ್ಲಿ; ನಮ್ಮೂರಲ್ಲಿದ್ದ ಅವರ ಹೊಲವನ್ನು ನನ್ನಪ್ಪ ಪಾಲಿಗೆ ಮಾಡುತ್ತಿದ್ದ. ಅಪ್ಪ, ಅವ್ವ ಇಬ್ಬರಿಗೂ ಸಹಿ ಬರುತ್ತಿರಲಿಲ್ಲ, ಹೆಬ್ಬೆಟ್ಟೇ. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಗಂಡಸರನ್ನೂ ಸೇರಿಸಿಯೇ ಹೇಳುತ್ತಿದ್ದೇನೆ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಯಾರೂ ತಾಟಿನಲ್ಲಿಟ್ಟು ಕೊಟ್ಟದ್ದಲ್ಲ ಅದು.

ಎಪ್ಪತ್ತರ ದಶಕದ ಮಾತು. ನಾನು ಬಸವಕಲ್ಯಾಣದಲ್ಲಿ ಕಾಲೇಜಿಗೆ ಹೆಸರು ಹಚ್ಚಿದಾಗ, ಹರೆಯದ ಹುಡುಗಿ ಒಬ್ಬಳೇ ದಿನಾ ಹೋಗಿ ಬರುವುದು ಛಲೋ ಅಲ್ಲ ಎಂದು ಊರವರು ಅಪ್ಪನ ತಲೆ ಕೆಡಿಸಿದರು. ಅಪ್ಪ ಇನ್ನೇನು ಬಿಡಿಸುವವನೇ. ಆಗ ಕಾಕು, "ಹುಡುಗಿ ನಮ್ಮಲ್ಲಿ ಇರ್ಲಿ. ಮ್ಯಾಲಿನ ಖೋಲಿ ಖಾಲಿ ಅದ," ಅಂದರು. ಅಪ್ಪ ಕೈಮುಗಿಯಲು ಹೋದಾಗ ಮತ್ತೊಂದು ಮಾತು ಸೇರಿಸಿದರು: "ಮನಿ ಕೆಲಸಕ್ಕಲ್ಲ ಮತ್ತ. ಓದಾಕ." ಆ ಮಾತನ್ನು ಅವರು ಕೊನೆಯವರೆಗೂ ನಡೆಸಿದರು. ನಾನು ಪುಸ್ತಕ ಹಿಡಿದು ಕುಳಿತಾಗ ಯಾರಾದರೂ ನೀರು ಸೇದು ಎಂದು ಕರೆದರೆ ಕಾಕು ತಾವೇ ಎದ್ದು ಹೋಗುತ್ತಿದ್ದರು.

ಕಾಕುನ ಗಂಡನನ್ನು ನಾನು ಕಾಕಾ ಅನ್ನುತ್ತಿದ್ದೆ. ಅವರದು ತೊಗರಿ, ಕಡಲೆಯ ಅಡತಿ, ಅಂದರೆ ದಲ್ಲಾಳಿ ವ್ಯಾಪಾರ. ಮಾಲಿನ ನೆಪದಲ್ಲಿ ಹೈದರಾಬಾದಿಗೆ ಹೋದಾಗಲೆಲ್ಲ ಸಂಗೀತದ ಸಾಮಾನಿನ ಅಂಗಡಿಗಳ ಮುಂದೆ ನಿಂತು ನಿಂತು, ಕೊನೆಗೊಮ್ಮೆ ಸ್ಟೀರಿಯೋ ಕೊಂಡೇಬಿಟ್ಟರಂತೆ. ಹಾಡಿನ ಪ್ಲೇಟು ತಿರುಗಿಸುವ ಯಂತ್ರ ಒಂದು, ಸದ್ದು ಹೆಚ್ಚಿಸುವ ಆಂಪ್ಲಿಫೈಯರ್ ಒಂದು, ಕಟ್ಟಿಗೆಯ ಎರಡು ದೊಡ್ಡ ಸ್ಪೀಕರ್ ಡಬ್ಬಿ. ಹೈದರಾಬಾದಿನಿಂದ ಹುಮನಾಬಾದಿನವರೆಗೆ ಲಾರಿಯಲ್ಲಿ ಬಂದವು. ಅಲ್ಲಿಂದ ಮುಂದಿನ ರಸ್ತೆಯ ಕುಲುಕಾಟವನ್ನು ನಂಬದೆ ಕಾಕಾ ಎತ್ತಿನ ಗಾಡಿ ಹೂಡಿಸಿ, ಹುಲ್ಲಿನ ಮೇಲೆ ಕೌದಿ ಹಾಸಿ, ಬಾಣಂತಿಯನ್ನು ತವರಿನಿಂದ ಕರೆತರುವ ಹಾಗೆ ತಂದರು. "ನನ್ನ ಮೊದಲನೇ ಬಾಣಂತನಕ್ಕೂ ಅಷ್ಟು ಜ್ವಾಕಿ ಮಾಡಿಲ್ಲ ಬಿಡು," ಎಂದು ಕಾಕು ನಗುತ್ತಿದ್ದರು.

ಯಂತ್ರ ಅಲುಗಾಡಬಾರದೆಂದು ಕಾಕಾ ಅದರ ಕೆಳಗೆ ದಪ್ಪನೆಯ ಶಹಾಬಾದಿ ಫರಸಿಕಲ್ಲು ಹಾಸಿದ್ದರು. ಮಟ್ಟ ಸರಿಯಿದೆಯೋ ಇಲ್ಲವೋ ನೋಡಲು ಅದರ ಮೇಲೆ ಬಟ್ಟಲಲ್ಲಿ ನೀರಿಟ್ಟು ಬಗ್ಗಿ ಕಣ್ಣು ಕಿರಿದು ಮಾಡುತ್ತಿದ್ದರು. ಪ್ಲೇಟು ಒರೆಸಲು ಹಳೆಯ ಮಲ್ಮಲ್ ಬಟ್ಟೆ. ಪ್ಲೇಟನ್ನು ಅಂಚಿನಲ್ಲಿ ಎರಡೂ ಅಂಗೈಯಿಂದ ಹಿಡಿಯಬೇಕು, ನಡುವೆ ಬೆರಳು ತಾಗಬಾರದು. ಮುಳ್ಳನ್ನಂತೂ ಬೇರೆ ಯಾರೂ ಮುಟ್ಟುವ ಹಾಗಿರಲಿಲ್ಲ. ದಿನವಿಡೀ ಚೀಲ ತೂಗಿಸಿ, ಹಮಾಲರ ಮೇಲೆ ಗಂಟಲು ಹರಿದುಕೊಂಡು ಬಂದ ಮನುಷ್ಯ ಮುಳ್ಳು ಇಳಿಸುವಾಗ ಉಸಿರು ಬಿಗಿಹಿಡಿಯುತ್ತಿದ್ದರು.

ಆದರೆ ಡಬ್ಬಿಗಳ ವಿಷಯದಲ್ಲಿ ಅವರು ತಮ್ಮದೇ ಲೆಕ್ಕ ಹಾಕಿದ್ದರು. ನಮ್ಮ ಕಡೆ ಮದುವೆಯಲ್ಲಿ ಎರಡು ಭೋಂಗಾ, ಅದೇ ಮೈಕಿನ ಲೌಡ್‌ಸ್ಪೀಕರು, ಕಟ್ಟುತ್ತಾರೆ. ಒಂದರ ಬಾಯಿ ಬೀದಿಗೆ, ಇನ್ನೊಂದರ ಬಾಯಿ ಅಡುಗೆ ಮಾಡುವ ಕಡೆಗೆ. ಹಾಡು ಎಲ್ಲರಿಗೂ ಮುಟ್ಟಲಿ ಎಂದು. ಸ್ಟೀರಿಯೋದ ಜೊತೆ ಎರಡು ಡಬ್ಬಿ ಯಾಕೆ ಕೊಟ್ಟಿದ್ದಾರೆ ಎಂದು ಯೋಚಿಸಿದ ಕಾಕಾಗೆ ಬೇರೆ ಕಾರಣ ಹೊಳೆಯಲೇ ಇಲ್ಲ. ಒಂದು ಗಂಡಸರಿಗೆ, ಒಂದು ಹೆಂಗಸರಿಗೆ! ಒಂದನ್ನು ದಿವಾಣಖಾನೆಯಲ್ಲಿ, ಗಂಡಸರು ಕೂರುವ ಗಾದಿಯ ಎದುರಿಗೆ ಇಟ್ಟರು. ಇನ್ನೊಂದಕ್ಕೆ ಉದ್ದನೆಯ ವೈರು ಜೋಡಿಸಿ, ನಡುಮನೆ ದಾಟಿಸಿ, ಒಳಮನೆಯಲ್ಲಿ ಇಟ್ಟರು. ಬಂದವರೆಲ್ಲ ಹೊಗಳಿದರಂತೆ. ಹೆಂಗಸರಿಗೆ ಬೇರೆ ಡಬ್ಬಿ ಕೊಟ್ಟ ಗಂಡಸು ಇಡೀ ಕಲ್ಯಾಣದಲ್ಲಿ ಇನ್ನೊಬ್ಬ ಎಲ್ಲಿದ್ದ? ಖರೆ ಹೇಳಬೇಕೆಂದರೆ ಎಲ್ಲಿಯೂ ಇರಲಿಲ್ಲ. ಕಾಕಾನ ಮನಸ್ಸು ದೊಡ್ಡದೇ.

ಸೋಮವಾರ ಸಂಜೆ ಹಾಡು. ದಿವಾಣಖಾನೆಯಲ್ಲಿ ಕಾಕಾನ ಸ್ನೇಹಿತರು ಲೋಡಿಗೆ ಒರಗಿ ಕೂರುತ್ತಿದ್ದರು. ಅವರಲ್ಲಿ ಮುಖ್ಯರು ಒಬ್ಬ ಹಳೆಯ ಪಟವಾರಿ, ಒಂದು ಕಾಲಕ್ಕೆ ಊರಿನ ಜಮೀನಿನ ಲೆಕ್ಕ ಬರೆದವರು. ಸಂಗೀತದ ಮೇಲೆ ತೀರ್ಪು ಕೊಡುವ ಹಕ್ಕು ನಿಜಾಮನೇ ಬರೆದುಕೊಟ್ಟ ಹಾಗೆ ಮಾತಾಡುತ್ತಿದ್ದರು. ಒಳಮನೆಯಲ್ಲಿ ನಾವು ಮೂವರು: ಕಾಕು, ಕಾಕಾನ ವಿಧವೆ ಅಕ್ಕ ಅತ್ತೆವ್ವ, ಮತ್ತು ನಾನು. ಮೊರದಲ್ಲಿ ಬೇಳೆ ಹಾಕಿಕೊಂಡು ಹಸನು ಮಾಡುತ್ತ ಕೇಳುತ್ತಿದ್ದೆವು. ಆ ಹೊತ್ತಿಗೆ ರೊಟ್ಟಿ ಬಡಿಯುವ ಸದ್ದು ಬರಬಾರದೆಂದು ಕಾಕು ಸೋಮವಾರದ ರೊಟ್ಟಿಯನ್ನು ಹಗಲಿರುವಾಗಲೇ ಮುಗಿಸುತ್ತಿದ್ದರು.

ನಾನು ಅದುವರೆಗೆ ಕೇಳಿದ್ದು ಊರಿನ ಪಂಚಾಯಿತಿ ಕಟ್ಟೆಯ ರೇಡಿಯೋ. ಅದರಲ್ಲಿ ಹಾಡಿಗಿಂತ ಗೊರಗೊರ ಹೆಚ್ಚು. ಇಲ್ಲಿ ಮೊದಲ ಸಲ, ಹಾಡುವ ಹೆಣ್ಣುಮಗಳು ಹಾಡುವ ಮುನ್ನ ಉಸಿರೆಳೆದುಕೊಂಡದ್ದು ಕೇಳಿಸಿತು. ನಾನು ಗಾಬರಿಯಾಗಿ ತಿರುಗಿ ನೋಡಿದೆ, ನನ್ನ ಹಿಂದೆ ಯಾರೋ ಕುಳಿತಿದ್ದಾರೆ ಎಂದು! ಕಾಕು ಅದನ್ನು ಕಂಡು, "ನಾನೂ ಮೊದ್ಲ ಹಂಗs ತಿರುಗಿ ನೋಡಿದ್ದೆ," ಅಂದರು. ಸಿತಾರದ ತಂತಿಯ ಮೇಲೆ ಬೆರಳು ಜಾರುವುದು ಕೇಳುತ್ತಿತ್ತು. ಕಾಕುಗೆ ರಾಗದ ಹೆಸರು ಗೊತ್ತಿರಲಿಲ್ಲ. ಆದರೆ ಸಿತಾರ ಜೋರಾದಾಗ, "ಕೇಳು, ಹೊಸಾ ಬ್ಯಾಳಿ ಹಿತ್ತಾಳಿ ಪರಾತದಾಗ ಸುರುವಿದಂಗ," ಅನ್ನುತ್ತಿದ್ದರು. ನಿಧಾನವಾದಾಗ, "ಈಗ ಕೈಲೆ ಹರವಾಕತ್ತಾನ." ಅವರು ಹಾಗೆ ಹೇಳಿದ ಮೇಲೆ ನನಗೂ ಹಾಗೆಯೇ ಕೇಳುತ್ತಿತ್ತು. ಕಾಲೇಜಿನಲ್ಲಿ ಯಾವ ಪಾಠವೂ ನನಗೆ ಅಷ್ಟು ಬೇಗ ಹತ್ತಿರವಾಗಿರಲಿಲ್ಲ.

ಕಾಕುಗೆ ಎಲ್ಲಕ್ಕಿಂತ ಇಷ್ಟವಾದ ಪ್ಲೇಟು ಒಂದಿತ್ತು. ಶಹನಾಯಿ, ಸಿತಾರದ ಜುಗಲಬಂದಿ. ಒಳಗೆ ನಮಗೆ ಸಿತಾರ, ಜೊತೆಗೆ ತಬಲಾ ಚೆಂದವಾಗಿ ಕೇಳುತ್ತಿದ್ದವು. ಶಹನಾಯಿ ಮಾತ್ರ ದೂರದ ಯಾರದೋ ಮದುವೆಯಿಂದ ಬಂದ ಹಾಗೆ. ಪ್ಲೇಟಿನ ಕೊನೆಕೊನೆಗೆ ಸಿತಾರ ನಡುನಡುವೆ ನಿಂತುಬಿಡುತ್ತಿತ್ತು. ಸ್ವಲ್ಪ ನುಡಿಸುವುದು, ಸುಮ್ಮನಾಗುವುದು. ಅತ್ತೆವ್ವ, "ನೀರು ಕುಡ್ಯಾಕ ನಿಂತಾನ ತೋರತದ," ಅನ್ನುತ್ತಿದ್ದರು. ಅದೇ ಹೊತ್ತಿಗೆ ಹೊರಗೆ ಪಟವಾರಿ ಸಾಹೇಬರು, "ಊದಾವ ದಣದಾನ. ದಮ್ಮು ಸಾಲಲ್ಲ," ಎಂದು ತೀರ್ಪು ಕೊಡುತ್ತಿದ್ದರಂತೆ. ಸಿತಾರದವನು ಮೈಕಿಗೆ ದೂರ ಕುಳಿತಿದ್ದರಿಂದ ಅವನದು ಸರಿಯಾಗಿ ಕೇಳುವುದಿಲ್ಲ ಎಂಬುದೂ ಅವರದೇ ತೀರ್ಪು.

ಒಂದು ಸೋಮವಾರ ಜನ ಸೇರುವ ಮೊದಲೇ ಕಾಕಾ ಆ ಪ್ಲೇಟು ಹಚ್ಚಿದರು. ಅಷ್ಟರಲ್ಲಿ ಅಡತಿಯಿಂದ ಯಾರೋ ಬಂದು ಕೂಗಿದರೆಂದು ಹೊರಗೆ ಹೋದರು. ಹೋದವರು ಬರಲಿಲ್ಲ. ಹಾಡು ಮುಗಿದ ಮೇಲೂ ಪ್ಲೇಟು ಸುಮ್ಮನೆ ತಿರುಗುತ್ತಿದ್ದರೆ ಮುಳ್ಳು ಸವೆಯುತ್ತದೆ ಎಂಬುದು ಕಾಕುಗೆ ಗೊತ್ತಿತ್ತು. "ಮುಗ್ಯಾಕ ಬಂದದ, ನೋಡಿ ಬರ್ತೀನಿ," ಎಂದು ಎದ್ದು ಹೋದರು. ಅವರೂ ಬರಲಿಲ್ಲ. ನಾನು ಎದ್ದು ಹೋದೆ.

ದಿವಾಣಖಾನೆಗೂ ಒಳಮನೆಗೂ ನಡುವೆ ಇದ್ದ ನಡುಮನೆಯಲ್ಲಿ ಮಾಳಿಗೆಯವರೆಗೆ ತೊಗರಿ ಚೀಲಗಳ ಥಪ್ಪಿ. ಅವುಗಳ ನಡುವೆ ಒಬ್ಬರು ಹಾಯುವಷ್ಟು ದಾರಿ. ಆ ದಾರಿಯ ನಟ್ಟನಡುವೆ ಕಾಕು ನಿಂತಿದ್ದರು, ಒಂದು ಕೈ ಚೀಲದ ಮೇಲಿಟ್ಟು, ಮುಖ ಆ ಚೀಲಗಳ ಗೋಡೆಗೆ ಮಾಡಿ. ನನ್ನನ್ನು ಕಂಡು ತುಟಿಗೆ ಬೆರಳಿಟ್ಟರು. ತೋಳು ಹಿಡಿದು ಪಕ್ಕದಲ್ಲಿ ನಿಲ್ಲಿಸಿಕೊಂಡರು.

ದಿವಾಣಖಾನೆಯ ಕಡೆಯ ಕಿವಿಗೆ ಶಹನಾಯಿ ಬಂತು. ಚಿಕ್ಕದೊಂದು ತುಂಡು, ಕೊನೆಯಲ್ಲಿ ಮೇಲಕ್ಕೆತ್ತಿ ಹಾಗೆಯೇ ಬಿಟ್ಟಂತೆ. ಅದು ನಿಂತ ಕೂಡಲೇ ಒಳಮನೆಯ ಕಡೆಯ ಕಿವಿಗೆ ಸಿತಾರ. ಅದೇ ತುಂಡು, ಆದರೆ ಇಳಿಸಿ ನೆಲದ ಮೇಲಿಟ್ಟಂತೆ. ಮತ್ತೆ ಶಹನಾಯಿ, ಈ ಸಲ ತುಸು ಕುಚೋದ್ಯ. ಮತ್ತೆ ಸಿತಾರ, ಅದಕ್ಕಿಂತ ಕುಚೋದ್ಯ.

"ಇವು ಮಾತಾಡಾಕತ್ತಾವ," ಎಂದು ಕಾಕು ಪಿಸುಗುಟ್ಟಿದರು. "ಅದು ಕೇಳತದ, ಇದು ಹೇಳತದ. ನಾವು ಇಷ್ಟು ದಿನ ಬರೇ ಜವಾಬ ಕೇಳೀವಿ. ಸವಾಲ ಎಲ್ಲಾ ಹೊರಗ ಗಂಡಸ್ರ ಬಲ್ಯಾಕ ಇದ್ವು!"

ಅವರ ಕಣ್ಣಲ್ಲಿ ನೀರಿತ್ತು. ನಗುತ್ತಲೂ ಇದ್ದರು.

ಒಳಗೆ ಬಂದು ಅತ್ತೆವ್ವನಿಗೆ ಹೇಳಿದಾಗ ಆಕೆ ಮೊರ ಕೇರುವುದನ್ನು ನಿಲ್ಲಿಸದೆ, "ಬಾಯಿ ಮುಚ್ಕೊಂಡಿರು," ಅಂದರು. "ನಿನ್ನ ಗಂಡಗ ಹೇಳಿದಿ ಅಂದ್ರ ನಮ್ ಡಬ್ಬಿನೂ ಹೊರಗ ಹೋಗತದ. ಈಗರ ಅರ್ಧಾ ಅದ."

ಅತ್ತೆವ್ವ ಹೇಳಿದ್ದು ತಪ್ಪಾಗಿರಲಿಲ್ಲ. ಯಂತ್ರ ಇದ್ದದ್ದು ದಿವಾಣಖಾನೆಯಲ್ಲಿ. ಎರಡು ಡಬ್ಬಿ ಒಂದೇ ಕಡೆ ಇರಬೇಕೆಂದರೆ ಅದು ಅಲ್ಲಿಯೇ. ದಿವಾಣಖಾನೆಯಲ್ಲಿ ಹೆಂಗಸರು ಕೂರುವುದಿಲ್ಲ. ಹೇಳಿದರೆ ಇದ್ದದ್ದೂ ಹೋಗುತ್ತದೆ. ಕಾಕು ಕೆಲವು ದಿನ ಸುಮ್ಮನಿದ್ದರು. ಆದರೆ ಮುಂದಿನ ಸೋಮವಾರ ಬೇಳೆಯ ಮೇಲೆ ಅವರ ಕೈ ಆಡಲಿಲ್ಲ. ಒಮ್ಮೆ ಪೂರ್ತಿ ಕೇಳಿದ ಮೇಲೆ ಅರ್ಧ ರುಚಿಸುವುದಿಲ್ಲ. "ಸುಮ್ನ ಇದ್ರ ಆಗಲ್ಲೇನ್ರಿ ಕಾಕು?" ಎಂದು ನಾನೂ ಕೇಳಿದೆ. ನನಗೂ ನಮ್ಮ ಡಬ್ಬಿ ಹೋಗುವುದು ಬೇಡವಾಗಿತ್ತು.

"ಅಷ್ಟು ಜೀವ ಇಟ್ಟು ತಂದಾರ," ಅಂದರು ಕಾಕು. "ಅವರಿಗೂ ಅರ್ಧಾನ ಸಿಗಾಕತ್ತದ. ಹ್ಯಾಂಗ ಹೇಳದಂಗ ಇರ್ಲಿ?"

ಮರುದಿನ ಕಾಕಾ ಊಟಕ್ಕೆ ಕುಳಿತಾಗ ಹೇಳಿಯೇಬಿಟ್ಟರು. ಕಾಕಾ ನಕ್ಕರು. "ಶಾಣ್ಯಾ ಇದ್ದಿ! ಎರಡೂ ಡಬ್ಬಿದಾಗ ಒಂದೇ ಬರತದ. ಕೊಂಡು ತಂದಾವ ನಾ ಇದೀನಿ."

"ಹೌದ್ರಿ, ನೀವೇ ತಂದೀರಿ. ಕೈ ತೊಳಕೊಂಡು ಜರಾ ಚೀಲದ ನಡುವ ಬಂದು ನಿಂದರ್ರಿ."

ಕಾಕಾ ಒದ್ದೆ ಕೈ ಧೋತರಕ್ಕೆ ಒರೆಸಿಕೊಂಡು, ಅದೇ ಪ್ಲೇಟು ಹಚ್ಚಿ, ಹೆಂಡತಿಯ ಹುಚ್ಚಿಗೆ ಒಂದು ಗಳಿಗೆ ಕೊಟ್ಟರಾಯಿತು ಅನ್ನುವ ಮುಖ ಮಾಡಿಕೊಂಡು ತಮ್ಮದೇ ತೊಗರಿ ಚೀಲಗಳ ನಡುವೆ ಹೋಗಿ ನಿಂತರು. ಮುಖದ ಮೇಲಿನ ನಗು ಸ್ವಲ್ಪ ಹೊತ್ತು ಹಾಗೆಯೇ ಇತ್ತು. ಆಮೇಲೆ ಇರಲಿಲ್ಲ. ತಲೆ ಆ ಕಡೆ ಮಾಡಿದರು, ಈ ಕಡೆ ಮಾಡಿದರು. ಕೊನೆಗೆ ಕೆಳಗಿನ ಚೀಲದ ಮೇಲೆ ಕುಸಿದು ಕುಳಿತರು.

"ಅಂದ್ರ ಆವ ದಣದಿಲ್ಲ," ಅಂದರು ಮೆಲ್ಲಗೆ. "ಇವಗ ಜಾಗಾ ಬಿಟ್ಟಾನ... ಪಟವಾರಿ ಸಾಹೇಬ್ರ ಮುಂದ ನಾನೂ ಎಷ್ಟು ಸಲ ಗೋಣು ಹಾಕೀನಿ, ದಮ್ಮಿಲ್ಲ ಅಂತ!" ಆಮೇಲೆ ನಗತೊಡಗಿದರು. ಹೊಟ್ಟೆ ಹಿಡಿದುಕೊಂಡು, ಕಣ್ಣೊರೆಸಿಕೊಂಡು ನಕ್ಕರು. ಒಳಗಿನಿಂದ ಅತ್ತೆವ್ವನೂ, "ನಾವು ನೀರು ಕುಡ್ಯಾಕ ಹೋಗ್ಯಾನ ಅಂದೀವಿ," ಎಂದು ಕೂಗಿ ಹೇಳಿದರು. ಆ ಮಧ್ಯಾಹ್ನ ಆ ಮನೆಯಲ್ಲಿ ನಕ್ಕಷ್ಟು ನಾನು ಮುಂದೆ ಯಾವ ಮನೆಯಲ್ಲೂ ನಕ್ಕಿಲ್ಲ.

ಅತ್ತೆವ್ವ ಹೇಳಿದಂತೆಯೇ ಆಯಿತು. ಅಂದೇ ಸಂಜೆ ನಮ್ಮ ಡಬ್ಬಿ ದಿವಾಣಖಾನೆಗೆ ಹೋಯಿತು. ಹೋಗುವಾಗ ಕಾಕಾ, "ನಿಮಗ ಬ್ಯಾರೆ ಟೈಮಿಗಿ ಹಚ್ಚತೀನಿ, ಫಿಕರ್ ಮಾಡಬ್ಯಾಡ್ರಿ," ಅಂದಿದ್ದರು. ಸುಳ್ಳು ಹೇಳುವ ಮನುಷ್ಯರಲ್ಲ. ಆದರೆ ತೊಗರಿ ಸುಗ್ಗಿ. ಹಗಲೆಲ್ಲ ಅಡತಿ, ಸಂಜೆಗೆ ಜನ. ಆ ಬೇರೆ ಟೈಮು ಬರಲೇ ಇಲ್ಲ. ಡಬ್ಬಿಯಿದ್ದ ಜಾಗದಲ್ಲಿ ಅತ್ತೆವ್ವ ಬೇಳೆಯ ಡಬ್ಬ ತಂದಿಟ್ಟು, "ಇದನ್ನರ ಕೇಳು ಈಗ," ಎಂದು ಕಾಕುನ ಕೆಣಕಿದರು.

ಕಾಕು ಸಿಟ್ಟಾಗಲಿಲ್ಲ. ಸೋಮವಾರ ಚಹಾದ ತಾಟು ಮಾತ್ರ ಬೇರೆಯವರ ಕೈಗೆ ಕೊಡದೆ ತಾವೇ ಒಯ್ಯತೊಡಗಿದರು. ಕಪ್ಪುಗಳನ್ನು ಒಂದೊಂದಾಗಿ ಇಡುವುದು. ಬಶಿಯನ್ನು ಸೆರಗಿನಿಂದ ಮತ್ತೊಮ್ಮೆ ಒರೆಸುವುದು. ಸಕ್ಕರೆ ಬೇಕೇನ್ರಿ ಎಂದು ಬೇಕಾದವರನ್ನೂ ಬೇಡವಾದವರನ್ನೂ ಕೇಳುವುದು. ನಾನು ನಡುಮನೆಯಿಂದ ನೋಡುತ್ತಿದ್ದೆ. ಅಷ್ಟು ಹೊತ್ತಿನಲ್ಲಿ ಸಿಕ್ಕಷ್ಟು ಕೇಳಿಕೊಂಡು, ಖಾಲಿ ತಾಟು ಎದೆಗೆ ಹಿಡಿದು ಒಳಗೆ ಬರುತ್ತಿದ್ದರು. ಮುಖ ನೋಡಿದರೆ ಹಸಿದವರಿಗೆ ಒಂದೇ ತುತ್ತು ಹಾಕಿ ಎಬ್ಬಿಸಿದಂತೆ ಇರುತ್ತಿತ್ತು. ಒಮ್ಮೆ ಪಟವಾರಿ ಸಾಹೇಬರು, "ತಂಗೆಮ್ಮ, ಜಲ್ದಿ ಕೊಡ್ರಿ, ಚಹಾ ಆರತದ," ಅಂದರು. ಎಲ್ಲರೂ ನಕ್ಕರು. ಕಾಕಾ ನಗಲಿಲ್ಲ, ಹೆಂಡತಿಯ ಕೈಯನ್ನೇ ನೋಡುತ್ತಿದ್ದರು.

ಅಂದು ಒಳಗೆ ಬಂದ ಕಾಕು ತಾಟನ್ನು ಕೆಳಗಿಟ್ಟು ನನಗೆ ಅಂದರು: "ಕೈಯಾಗ ತಾಟು ಇದ್ರ ಒಳಗ ಬಿಡ್ತಾರ. ಖಾಲಿ ಕೈಲೆ ಹೋದ್ರ ಏನ್ ಮಾಡ್ತಾರ, ನೋಡೂಣು."

ಅತ್ತೆವ್ವ ಹೆದರಿದರು. "ಮನಿ ಇಜ್ಜತ್ ಹೋಗತದವ್ವ. ನಾಳಿಗಿ ಅಡತ್ಯಾಗ ಅವನ ಮಾರಿ ಮ್ಯಾಲ ಅಂತಾರ." ಅದು ಬರೀ ಹೆದರಿಕೆಯಾಗಿರಲಿಲ್ಲ. ವ್ಯಾಪಾರ ನಡೆಯುವುದು ನಾಲ್ಕು ಮಂದಿಯ ಮಾತಿನ ಮೇಲೆ. ಕಾಕುಗೂ ಇದು ಗೊತ್ತಿತ್ತು.

ಮುಂದಿನ ಸೋಮವಾರ. ಚಹಾ ಆಗಿಹೋಗಿತ್ತು. ಕಾಕಾ ಜುಗಲಬಂದಿಯ ಪ್ಲೇಟು ಇಟ್ಟು ಮಲ್ಮಲ್ಲಿನಿಂದ ಒರೆಸುತ್ತಿದ್ದರು. ಕಾಕು ತಲೆಯ ಮೇಲೆ ಸೆರಗು ಸರಿಮಾಡಿಕೊಂಡರು. "ಬಾ," ಅಂದರು ನನಗೆ. ನಾನು ಅವರ ಹೊಲ ಪಾಲಿಗೆ ಮಾಡುವವನ ಮಗಳು. ಆ ಗಾದಿಯ ಅಂಚಿಗೆ ನನ್ನಪ್ಪನೇ ಎಂದೂ ಕುಳಿತವನಲ್ಲ. ಆದರೂ ಹಿಂದೆ ಹೋದೆ.

ನಾವು ಒಳಗೆ ಕಾಲಿಟ್ಟಾಗ ಎಲ್ಲರ ಕಣ್ಣು ಹೋದದ್ದು ಕಾಕುನ ಕೈಗೆ. ಕೈಯಲ್ಲಿ ಏನೂ ಇರಲಿಲ್ಲ.

"ಚಹಾ ಆತಲ್ಲ ತಂಗೆಮ್ಮ," ಅಂದರು ಪಟವಾರಿ ಸಾಹೇಬರು.

"ಚಹಾ ತಂದಿಲ್ರಿ. ಕೇಳಾಕ ಬಂದೀನಿ."

ಒಬ್ಬ ವ್ಯಾಪಾರಿ ಟೊಪ್ಪಿಗೆ ತೆಗೆದು ಮತ್ತೆ ಹಾಕಿಕೊಂಡ. ಕಾಕಾ ಮುಳ್ಳಿನ ಕೈ ಎತ್ತಿ ಹಿಡಿದವರು ಹಾಗೆಯೇ ನಿಂತಿದ್ದರು. ಹೆಂಡತಿಯನ್ನು ನೋಡಿದರು, ಸ್ನೇಹಿತರನ್ನು ನೋಡಿದರು. ಅವರು ಒಂದು ಮಾತು ಗದರಿದ್ದರೆ ಕಾಕು ಮುಂದೆಂದೂ ಆ ಕೋಣೆಗೆ ಬರುತ್ತಿರಲಿಲ್ಲ, ಚಹಾ ಹಿಡಿದೂ ಬರುತ್ತಿರಲಿಲ್ಲ. ಅದು ನನಗೆ ಆ ಕ್ಷಣಕ್ಕೇ ತಿಳಿದಿತ್ತು. ಕಾಕಾಗೂ ತಿಳಿದಿರಬೇಕು. ಮುಳ್ಳನ್ನು ಅದರ ಜಾಗದಲ್ಲಿ ಇಟ್ಟರು. ಆಮೇಲೆ ಅಡತಿಯಲ್ಲಿ ತಕ್ಕಡಿ ಹಿಡಿಸುವ ದನಿಯಲ್ಲೇ ಅಂದರು:

"ಪಟವಾರಿ ಸಾಹೇಬ್ರ, ಜರಾ ಸರೀರಿ. ಎರಡೂ ಡಬ್ಬಿಗೆ ಬರೋಬ್ಬರ ನಡುವ ನೀವೇ ಕುಂತೀರಿ. ಅಲ್ಲಿ ಕುಂತ್ರನ ಎರಡೂ ಕೇಳತಾವ."

ಪಟವಾರಿ ಸಾಹೇಬರ ಮುಖ ಕೆಂಪಾಯಿತು. "ಲೋಡೂ ಬಿಟ್ಟುಕೊಡ್ಲೇನು ಸಾವಕಾರ?"

"ಲೋಡು ನೀವೇ ಇಟ್ಕೋರಿ," ಅಂದರು ಕಾಕು. "ನನಗ ಜಾಗಾ ಅಷ್ಟs ಸಾಕು."

ಯಾರೋ ಕಿಸಕ್ಕೆಂದು ನಕ್ಕರು. ಪಟವಾರಿ ಸಾಹೇಬರು ಲೋಡು ಸಮೇತ ಸರಿದರು. ಕಾಕು ಕುಳಿತರು, ನನ್ನ ಕೈ ಜಗ್ಗಿ ಪಕ್ಕದಲ್ಲಿ ಕೂರಿಸಿಕೊಂಡರು. ಕಾಕಾ ಉಸಿರು ಹಿಡಿದು ಮುಳ್ಳು ಇಳಿಸಿದರು.

ಆ ಸಂಗೀತವನ್ನು ಇಲ್ಲಿ ಬರೆಯಲು ನನಗೆ ಬರುವುದಿಲ್ಲ. ಎದುರಿಗೆ ಗೋಡೆ ಇರಲಿಲ್ಲ, ಇಬ್ಬರು ಮನುಷ್ಯರು ಇದ್ದರು, ಅಷ್ಟು ಹೇಳಬಲ್ಲೆ. ಎಡಕ್ಕೆ ಒಬ್ಬ, ಬಲಕ್ಕೆ ಒಬ್ಬ, ನಡುವೆ ಸ್ವಲ್ಪ ಹಿಂದೆ ತಬಲಾದವ. ಕೈ ಚಾಚಿದರೆ ಅವರ ಮೊಣಕಾಲಿಗೆ ತಾಗುತ್ತದೆ ಅನ್ನಿಸುವಷ್ಟು ಹತ್ತಿರ. ಸವಾಲು-ಜವಾಬು ಶುರುವಾದಾಗ ಕಾಕುನ ತಲೆ ಆ ಕಡೆ ಈ ಕಡೆ ತಿರುಗುತ್ತಿತ್ತು, ಜಗಳ ನೋಡುವವರ ಹಾಗೆ. ಒಂದು ಜವಾಬಿಗೆ, "ಹಾಂ, ಹಂಗ ಹೇಳು!" ಎಂದು ಜೋರಾಗಿಯೇ ಅಂದುಬಿಟ್ಟರು. ನಾಲಿಗೆ ಕಚ್ಚಿಕೊಂಡರು. ಆದರೆ ಪಟವಾರಿ ಸಾಹೇಬರು, ಅಭ್ಯಾಸಬಲವೋ ಏನೋ, "ವಾಹ್" ಎಂದು ಜೊತೆಗೂಡಿದ್ದರು. ಪ್ಲೇಟು ಮುಗಿಯುವ ಹೊತ್ತಿಗೆ ತಿರುಗಿ ನೋಡಿದರೆ ನಡುಮನೆಯ ಬಾಗಿಲಲ್ಲಿ ಅತ್ತೆವ್ವ ಕುಳಿತಿದ್ದರು, ಮೊರ ತೊಡೆಯ ಮೇಲಿಟ್ಟುಕೊಂಡು.

ಎಲ್ಲ ಸುಸೂತ್ರವಾಯಿತು ಎಂದು ಹೇಳಲಾರೆ. ಇಬ್ಬರು ಬರುವುದನ್ನೇ ಬಿಟ್ಟರು. ಸಾವಕಾರನ ಮನೆಯಲ್ಲಿ ಹೆಂಗಸರು ನಡುವೆ ಕೂರುತ್ತಾರೆ ಎಂದು ಅಡತಿಯಲ್ಲಿ ಆಡಿಕೊಂಡರು. ಕಾಕಾ ಆ ಸ್ನೇಹಿತರನ್ನು ನೆನೆದು ಒಮ್ಮೊಮ್ಮೆ ಸಪ್ಪಗೆ ಕೂರುತ್ತಿದ್ದರು, ಆದರೆ ಡಬ್ಬಿಯನ್ನು ಮತ್ತೆ ಒಳಗೆ ಕಳಿಸುವ ಮಾತು ತೆಗೆಯಲಿಲ್ಲ. ಪಟವಾರಿ ಸಾಹೇಬರು ಕೆಲವು ತಿಂಗಳು ಸೆಟೆದುಕೊಂಡಿದ್ದು ಮತ್ತೆ ಬಂದರು. ಅಂಥ ಸದ್ದು ಊರಲ್ಲಿ ಬೇರೆಲ್ಲೂ ಇರಲಿಲ್ಲವಲ್ಲ, ಪಾಪ.

ನಾನು ಬಿ.ಎ. ಮುಗಿಸಿದೆ, ಮುಂದೆ ಎಂ.ಎ. ಮಾಡಿದೆ. ಹುಮನಾಬಾದಿನಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿತು. ಮೊದಲ ದಿನ ಸ್ಟಾಫ್ ರೂಮಿನಲ್ಲಿ ದೊಡ್ಡ ಮೇಜಿನ ಸುತ್ತ ಮೇಷ್ಟರುಗಳು ಕುಳಿತಿದ್ದರು. ನಾನೊಬ್ಬಳೇ ಹೆಣ್ಣು. ನನಗಾಗಿ ಮೂಲೆಯ ಕಪಾಟಿನ ಪಕ್ಕ ಒಂದು ಕುರ್ಚಿ ಹಾಕಿ, ಮೇಲೆ ಹೊಸ ಕುಶನ್ನನ್ನೂ ಇಟ್ಟಿದ್ದರು. ಒಳ್ಳೆಯ ಮನಸ್ಸಿನಿಂದಲೇ ಇಟ್ಟಿದ್ದರು. ಎಲ್ಲರಿಗೂ ನಮಸ್ಕಾರ ಮಾಡಿ, ಆ ಕುರ್ಚಿ ಎತ್ತಿ ತಂದು ಮೇಜಿಗೆ ಹಚ್ಚಿ ಕುಳಿತೆ. ಕಲ್ಯಾಣಕ್ಕೆ ಹೋದಾಗ ಇದನ್ನು ಕಾಕುಗೆ ಹೇಳಿದೆ. ಭೇಷ್ ಅನ್ನುತ್ತಾರೆ ಅಂದುಕೊಂಡಿದ್ದೆ.

"ಕುರ್ಚಿ ಭಾಳ ವಜ್ಜಿ ಇತ್ತೇನ?" ಎಂದು ಕೇಳಿದರು.

"ಇಲ್ರಿ ಕಾಕು."

"ಹ್ಞೂಂ. ಎತ್ತೂತನ ಹಂಗ ಅನಸ್ತದ."

ಎಂಬತ್ತರ ದಶಕದಲ್ಲಿ ನಾನೂ ಸಂಬಳದಲ್ಲಿ ಒಂದು ಟೇಪ್ ಡೆಕ್, ಎರಡು ಸಣ್ಣ ಸ್ಪೀಕರ್ ತಂದುಕೊಂಡೆ. ಕಾಕಾನ ಡಬ್ಬಿಗಳ ಮುಂದೆ ಅವು ಮಕ್ಕಳು. ಆದರೂ ನನ್ನವು. ಆ ಜುಗಲಬಂದಿಯನ್ನು ಕಾಕಾ ತಮ್ಮ ಪ್ಲೇಟಿನಿಂದಲೇ ಕ್ಯಾಸೆಟ್ಟಿಗೆ ಇಳಿಸಿ ಕೊಟ್ಟಿದ್ದರು.

ಅದೇ ಸುಮಾರಿಗೆ ಹುಮನಾಬಾದಿನಲ್ಲಿ ಕಣ್ಣಿನ ಆಪರೇಷನ್ನಿನ ಶಿಬಿರ ನಡೆಯಿತು. ಕಾಕುನ ಕಣ್ಣಿಗೆ ಪೊರೆ ಬಂದಿತ್ತು. ಆಪರೇಷನ್ ಆದ ಮೇಲೆ ನಮ್ಮ ಮನೆಗೇ ಕರೆತಂದೆ. ಕಣ್ಣಿಗೆ ಪಟ್ಟಿ, ಒಂದೇ ಮಗ್ಗುಲಿಗೆ ಮಲಗಬೇಕು, ಏಳಬಾರದು, ಅಲುಗಬಾರದು. ಎರಡು ದಿನ ಸುಮ್ಮನಿದ್ದರು. ಮೂರನೆಯ ದಿನ, "ಅದನ್ನ ಹಚ್ಚವ್ವ," ಅಂದರು.

ಹಚ್ಚಿದೆ. ಸ್ವಲ್ಪ ಹೊತ್ತು ಕೇಳಿ ನಗತೊಡಗಿದರು. ನಗಬಾರದು, ಹೊಲಿಗೆ ಬಿಚ್ಚುತ್ತದೆ ಎಂದು ಗದರಿದೆ.

"ಒಂದು ಕಿವಿ ದಿಂಬಿನಾಗ ಅದ," ಅಂದರು. "ಮತ್ತ ಅರ್ಧಾ ಆತು ನೋಡು!"

ಡಬ್ಬಿಗಳನ್ನು ಮಂಚದ ಹತ್ತಿರ ತಂದಿಡಲೇ ಎಂದು ಎದ್ದೆ. ಬೇಡವೆಂದು ಕೈಯಾಡಿಸಿದರು.

"ಅವು ಅಲ್ಲೇ ಇರ್ಲಿ. ನೀ ಹೋಗಿ ನಡುವ ಕುಂಡ್ರು. ಯಾರು ಏನಂದ್ರು, ನನಗ ಹೇಳು."

ನಾನು ಹೋಗಿ ನಡುವೆ ಕುಳಿತೆ. ಹುಚ್ಚು ಕೆಲಸ, ಆದರೂ ಹೇಳಿದೆ. ಈಗ ಇವ ಕೇಳಿದ. ಈಗ ಆವ ಸಿಟ್ಟಾದ. ಈಗ ರಮಿಸಾಕತ್ತಾನ. ಪಟ್ಟಿ ಕಟ್ಟಿದ ಮುಖದ ಮೇಲೆ ತುಟಿಯಷ್ಟೇ ಕಾಣುತ್ತಿತ್ತು. ನಾನು ಹೇಳಿದ ಒಂದೊಂದಕ್ಕೂ ಆ ತುಟಿ ಹ್ಞೂಂಗುಟ್ಟುತ್ತಿತ್ತು. ಒಂದು ಕಡೆ ನಾನು ತಡವರಿಸಿದಾಗ, "ಗೊತ್ತಾಗಲಿಲ್ಲ ಅಂದ್ರ ಗೊತ್ತಾಗಲಿಲ್ಲ ಅನ್ನು. ಸುಳ್ಳ ಹೇಳಬ್ಯಾಡ," ಅಂದರು.

ಕಾಕು ಹೋಗಿ ಬಹಳ ವರ್ಷಗಳಾದವು. ಕಾಕಾ ಅವರ ಹಿಂದೆಯೇ ಹೋದರು. ಯಂತ್ರ ಏನಾಯಿತೋ... ಮಕ್ಕಳಲ್ಲಿ ಯಾರ ಪಾಲಿಗೆ ಬಂತೋ, ಕೇಳುವ ಮನಸ್ಸಾಗಲಿಲ್ಲ. ಓದಲು ಒಂದು ಖೋಲಿ ಕೊಟ್ಟದ್ದಕ್ಕೆ ನಾನು ಅವರಿಗೆ ಋಣಿ ಎಂದು ಜನ ತಿಳಿದಿದ್ದಾರೆ. ಅದೂ ಹೌದು. ಆದರೆ ಖೋಲಿ ಮೇಲೆ ಇತ್ತು. ಅವರು ನನ್ನನ್ನು ಕೈ ಹಿಡಿದು ಕೂರಿಸಿದ್ದು ಕೆಳಗೆ, ದಿವಾಣಖಾನೆಯಲ್ಲಿ. ಅದಕ್ಕೆ ಏನೆಂದು ಹೇಳಲಿ.

ಈಗ ನನ್ನ ಮನೆಯಲ್ಲಿ ಪೆನ್ಶನ್ನಿನಲ್ಲಿ ತಂದ ಒಳ್ಳೆಯ ಸ್ಪೀಕರುಗಳಿವೆ. ಕೆಲವು ಸಂಜೆ ಒಬ್ಬಳೇ ಅವುಗಳ ನಡುವೆ ಕುಳಿತು ಕೇಳುತ್ತೇನೆ. ಎಲ್ಲವೂ ಕೇಳುತ್ತದೆ, ಒಂದು ಎಳೆಯೂ ತಪ್ಪುವುದಿಲ್ಲ. ಚೆಂದದ ಒಂದು ಜವಾಬು ಬಂದಾಗ ಬಾಯಿ ತಾನಾಗಿಯೇ ತೆರೆದುಕೊಳ್ಳುತ್ತದೆ, ಈಗ ಆವ ಹಿಂಗ ಅಂದ ನೋಡ್ರಿ ಕಾಕು, ಎಂದು ಹೇಳಲು.